ಹೌದಣ್ಣನ ಎರಡು ಬೀಗಗಳು

ಬೀಗ ಮಾಡುವ ಆತನಿಗೆ ಬೀದಿಯವರು ಇಟ್ಟ ಹೆಸರು ಹೌದಣ್ಣ. ಹೆತ್ತವರು ಇಟ್ಟ ಹೆಸರೊಂದು ಇತ್ತು. ದೀಕ್ಷಾಸ್ನಾನದ ದಿನ ಪಾದ್ರಿಗಳು ಅದನ್ನು ಗಟ್ಟಿಯಾಗಿ ಓದಿದ್ದರು. ಆಮೇಲೆ ಯಾರೂ ಅದರ ಗೊಡವೆಗೆ ಹೋಗಲಿಲ್ಲ. ಯಾರು ಏನೇ ಹೇಳಲಿ, ಅವನ ಬಾಯಿಂದ ಮೊದಲು ಬರುತ್ತಿದ್ದದ್ದು "ಹೌದು". ಯೋಚನೆ ಮಾಡುವುದೇನಿದ್ದರೂ ಆಮೇಲೆ. "ಏನು ಸೆಖೆ ಇವತ್ತು!" ಎಂದು ಒಬ್ಬರು ಅಂಗಡಿಯ ಮುಂದೆ ನಿಂತು ಬೆವರು ಒರೆಸಿಕೊಂಡರೆ "ಹೌದು" ಅನ್ನುತ್ತಿದ್ದ. ಅವರು ಆ ಕಡೆ ತಿರುಗುತ್ತಲೇ ಇನ್ನೊಬ್ಬರು ಬಂದು "ಇವತ್ತು ಸ್ವಲ್ಪ ತಂಪಾಗಿದೆ ಅಲ್ವಾ" ಅಂದರೆ ಅದಕ್ಕೂ "ಹೌದು". ಅವನು ಸುಳ್ಳುಗಾರನಲ್ಲ. ಎದುರಿಗೆ ನಿಂತವರ ಮುಖ ಸಣ್ಣದಾಗುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ, ಅಷ್ಟೇ. ಮದುವೆಯ ದಿನ ಪಾದ್ರಿಗಳು ಪ್ರಶ್ನೆ ಪೂರ್ತಿ ಕೇಳುವ ಮುಂಚೆಯೇ "ಹೌದು" ಅಂದವನು ಇವನೊಬ್ಬನೇ ಎಂದು ಅವನ ಹೆಂಡತಿ ಈಗಲೂ ಹೇಳುತ್ತಾಳೆ. ಅದು ಹೊಗಳಿಕೆಯೋ ದೂರೋ ಎಂದು ಅವನು ಕೇಳಲು ಹೋಗಿಲ್ಲ.

ಅಂಗಡಿ ಇದ್ದದ್ದು ಚರ್ಚಿನ ಬೀದಿಯ ತಿರುವಿನಲ್ಲಿ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ಹೊರಗೆ ನಿಲ್ಲಬೇಕಾದಷ್ಟು ಇಕ್ಕಟ್ಟು. ಕಬ್ಬಿಣವನ್ನು ಕಚ್ಚಿ ಹಿಡಿಯಲು ಮೇಜಿಗೆ ಬಿಗಿದ ಹಿಡಿಗಟ್ಟು, ಬಗೆಬಗೆಯ ಅರಗಳು, ಎಣ್ಣೆಯ ಡಬ್ಬಿ, ಕಾಲಿಗೆ ಅಂಟುವ ಕಬ್ಬಿಣದ ಪುಡಿ. ಬೀಗಗಳನ್ನು ಅವನು ಕೈಯಿಂದಲೇ ಕೂಡಿಸುತ್ತಿದ್ದ. ಒಳಗಿನ ಹಲ್ಲುಗಳನ್ನು ಒಂದೊಂದಾಗಿ ಅರದಿಂದ ಉಜ್ಜಿ, ಕಿವಿಯ ಹತ್ತಿರ ಹಿಡಿದು ಕೀಲಿ ತಿರುಗಿಸಿ, ಸದ್ದು ಸರಿಬರುವ ತನಕ ಮತ್ತೆ ಉಜ್ಜುತ್ತಿದ್ದ. ಬೀಗದ ವಿಷಯದಲ್ಲಿ ಮಾತ್ರ ಅವನು ಯಾರ ಮಾತಿಗೂ ತಲೆಯಾಡಿಸುತ್ತಿರಲಿಲ್ಲ.

ಅವನ ತಾಯಿ ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ಚರ್ಚಿನ ಬೆಂಚುಗಳನ್ನು ಒರೆಸಿದವಳು. ಶನಿವಾರ ಬಂತೆಂದರೆ ಬಕೆಟ್ಟು ಬಟ್ಟೆ ಹಿಡಿದು ಹೊರಟುಬಿಡುತ್ತಿದ್ದಳು. ಯಾರೂ ನೇಮಿಸಿದ ಕೆಲಸವಲ್ಲ, ಹಾಗಾಗಿ ಯಾರಿಂದಲೂ ಬಿಡಿಸಲಾಗದ ಕೆಲಸ. ಕಂಬದ ಪಕ್ಕದ ಮೂರನೆಯ ಬೆಂಚು ಅವಳದು. ಅಲ್ಲಿ ಕೂತರೆ ಪ್ರಸಂಗ ಮಾಡುವವರ ಮುಖವೂ ಕಾಣುತ್ತದೆ, ಯಾರ ಬೂಟಿನಿಂದ ಎಷ್ಟು ಮಣ್ಣು ಒಳಗೆ ಬಂತು ಎನ್ನುವುದೂ ಕಾಣುತ್ತದೆ. ಸೊಸೆಯೊಡನೆ ಅವಳಿಗೆ ದಿನಕ್ಕೊಂದು ಜಟಾಪಟಿ ಆಗಲೇಬೇಕು. ಮಗನನ್ನು ಬೈಯುವ ವಿಷಯದಲ್ಲಿ ಮಾತ್ರ ಅತ್ತೆ ಸೊಸೆಯರಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ.

ಜಗಳ ಶುರುವಾದದ್ದು ಒಗ್ಗಟ್ಟಿನಿಂದ. ಹೊಸ ಪಾದ್ರಿಗಳು ಬಂದರು; ವಯಸ್ಸು ಚಿಕ್ಕದು, ದನಿ ದೊಡ್ಡದು. ಬಂದವರೇ ಒಗ್ಗಟ್ಟಿನ ಮೇಲೆ ಪ್ರಸಂಗ ಮಾಡಿದರು. ಎಲ್ಲರೂ ತಲೆದೂಗಿದರು. ಮರುವಾರವೂ ಅದೇ ವಿಷಯ. ಆಗಲೂ ತಲೆದೂಗಿದರು, ಕೆಲವರು ನಿದ್ದೆಯಲ್ಲಿ. ಅದರ ಮರುವಾರ ಪಾದ್ರಿಗಳು ಒಂದು ದೊಡ್ಡ ಮರದ ಹಲಗೆಯನ್ನು ಎಲ್ಲರೆದುರು ಎತ್ತಿ ತೋರಿಸಿದರು. ವಿಶ್ವಾಸಿಗಳೆಲ್ಲ ಒಂದಾಗಿರಬೇಕೆಂಬ ವಚನವನ್ನು ಅದರ ಮೇಲೆ ಬಡಗಿ ಚೆಂದವಾಗಿ ಕೆತ್ತಿದ್ದ. ಇದನ್ನು ಪ್ರಸಂಗಪೀಠದ ಹಿಂದಿನ ಗೋಡೆಗೆ ತೂಗುಹಾಕುತ್ತೇವೆ ಅಂದರು. ಆಗ ಮುಂದಿನ ಬೆಂಚಿನಿಂದ ಹೆಡ್‌ಮಾಸ್ತರು ಎದ್ದು ನಿಂತರು.

ಹೆಡ್‌ಮಾಸ್ತರು ಸಭೆಯ ಹಿರಿಯರಲ್ಲೆಲ್ಲ ಹಿರಿಯರು. ಶಾಲೆಯಿಂದ ನಿವೃತ್ತರಾಗಿದ್ದರೂ ಶಾಲೆ ಅವರಿಂದ ನಿವೃತ್ತವಾಗಿರಲಿಲ್ಲ. ಎದುರಿಗಿರುವವರನ್ನು ಬೆಂಚಿನ ಮೇಲೆ ನಿಲ್ಲಿಸುವವರ ಹಾಗೇ ಮಾತಾಡುತ್ತಿದ್ದರು. "ಆ ಗೋಡೆ ಯಾವತ್ತಿಂದ್ಲೂ ಖಾಲಿ ಇದೆ. ಖಾಲಿನೇ ಇರಬೇಕು. ಹಲಗೆ ಬೇಕಿದ್ರೆ ಬಾಗಿಲ ಮೇಲೆ ಹಾಕಿ. ಜನ ಹೊರಗೆ ಹೋಗೋವಾಗ ಓದ್ಕೊಂಡು ಹೋಗ್ಲಿ" ಅಂದರು.

"ಬೆನ್ನ ಹಿಂದೆ ಇರೋ ವಚನಾನ ಯಾರು ಓದ್ತಾರೆ?" ಎಂದರು ಪಾದ್ರಿಗಳು.

"ನಮ್ಮನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ವಿ" ಎಂದರು ಹೆಡ್‌ಮಾಸ್ತರು.

ಸಂಕಟವೆಲ್ಲ ಇದ್ದದ್ದು ಆ ಮಾತಿನಲ್ಲಿ. ಗೋಡೆ ಖಾಲಿಯಿದ್ದರೆಷ್ಟು ಬಿಟ್ಟರೆಷ್ಟು. ಹಿರಿಯರಿಗೆ ತಮ್ಮನ್ನು ಕೇಳಲಿಲ್ಲವೆಂಬ ಉರಿ. ಪಾದ್ರಿಗಳಿಗೆ ಒಂದು ಹಲಗೆ ತೂಗುಹಾಕಲೂ ಇವರನ್ನು ಕೇಳಬೇಕೇ ಎಂಬ ಉರಿ. ಜನರೂ ಸುಮ್ಮನೆ ಕೂರಲಿಲ್ಲ. ಪಾದ್ರಿಗಳ ಕಡೆಯವರು ಬಲಗಡೆಯ ಬೆಂಚುಗಳಿಗೆ ಬಂದರು, ಹಿರಿಯರ ಕಡೆಯವರು ಎಡಗಡೆಗೆ ಹೋದರು. ಒಂದೇ ಕೀರ್ತನೆಯನ್ನು ಬಲಗಡೆಯವರು ಓಡೋಡಿ ಮುಗಿಸಿ, ಎಡಗಡೆಯವರು ಎಳೆದೆಳೆದು ಮುಗಿಸುವ ತನಕ ಸೂರು ನೋಡುತ್ತ ನಿಲ್ಲುತ್ತಿದ್ದರು. ತಾಯಿ ತನ್ನ ಬೆಂಚು ಬಿಟ್ಟು ಅಲ್ಲಾಡಲಿಲ್ಲ. ಅದು ಎಡಗಡೆಗೆ ಸೇರಿತ್ತಾದ್ದರಿಂದ ಅವಳು ಹಿರಿಯರ ಪಕ್ಷವೆಂದು ಪಾದ್ರಿಗಳು ತೀರ್ಮಾನಿಸಿಬಿಟ್ಟರು.

ಹಲಗೆಗೆ ಕೊಕ್ಕೆ ಹಾಕಲೆಂದು ಹೌದಣ್ಣನ ಅಂಗಡಿಗೆ ಕಳಿಸಿದ್ದರು. ಕೊಕ್ಕೆ ಹಾಕಬೇಡ, ಕಾದಿರು ಎಂದು ಹೆಡ್‌ಮಾಸ್ತರು ಹೇಳಿದರು. ಹಾಕಿ ಇಟ್ಟು ಕಾದಿರು ಎಂದು ಪಾದ್ರಿಗಳು ಹೇಳಿದರು. ಇಬ್ಬರಿಗೂ ಹೌದು ಅಂದ ಹೌದಣ್ಣ ಒಂದು ಕೊಕ್ಕೆ ಹಾಕಿ ಒಂದನ್ನು ಬಿಟ್ಟ. ಹಲಗೆ ಗೋಡೆಯ ಕಡೆ ಮುಖ ಮಾಡಿ ನಿಂತಿತು. ಇಕ್ಕಟ್ಟಿನ ಅಂಗಡಿಯಲ್ಲಿ ಅಷ್ಟು ದೊಡ್ಡ ಜಾಗ ಸುಮ್ಮನೆ ಹಾಳಾಗುವುದನ್ನು ನೋಡಲಾರದೆ ಅವನು ಅದರ ಬೆನ್ನಿಗೆ ಮೊಳೆ ಹೊಡೆದು ಕೀಲಿಗಳನ್ನು ನೇತುಹಾಕಿದ.

ಅಷ್ಟರಲ್ಲಿ ಗಾಳಿಮಾತು ಹುಟ್ಟಿತು. ಹಿರಿಯರು ಯಾರೂ ಇಲ್ಲದ ಹೊತ್ತು ನೋಡಿ ಹಲಗೆಯನ್ನು ಬಾಗಿಲ ಮೇಲೆ ಬಡಿದುಬಿಡುತ್ತಾರಂತೆ ಎಂದು ಪಾದ್ರಿಗಳ ಕಿವಿಗೆ ಬಿತ್ತು. ಪಾದ್ರಿಗಳೇ ಪೀಠದ ಹಿಂದೆ ಬಡಿಯಲಿದ್ದಾರಂತೆ ಎಂದು ಹೆಡ್‌ಮಾಸ್ತರ ಕಿವಿಗೆ ಬಿತ್ತು. ಹಲಗೆ ಇದ್ದದ್ದು ಹೌದಣ್ಣನ ಅಂಗಡಿಯಲ್ಲಿ ಎನ್ನುವುದು ಇಬ್ಬರಿಗೂ ಗೊತ್ತು. ಆದರೂ ಪಾದ್ರಿಗಳು ಬೆಳಿಗ್ಗೆಯೇ ಬಂದು ಚರ್ಚಿನ ಬಾಗಿಲಿಗೆ ಒಂದು ಭದ್ರವಾದ ಬೀಗ ಬೇಕೆಂದರು.

ಅಂಗಡಿಯಲ್ಲಿ ಅಂಥ ದೊಡ್ಡ ಬೀಗಗಳಿದ್ದದ್ದು ಒಂದೇ ಜೊತೆ. ಒಬ್ಬ ಗೋದಾಮಿನ ಯಜಮಾನ ಹೇಳಿ ಮಾಡಿಸಿದ್ದ. ಮುಂಬಾಗಿಲಿಗೊಂದು, ಹಿಂಬಾಗಿಲಿಗೊಂದು, ಕೀಲಿ ಹುಡುಕುವ ರಗಳೆ ಬೇಡವೆಂದು ಎರಡಕ್ಕೂ ಒಂದೇ ಕೀಲಿ ಸಾಕೆಂದಿದ್ದ. ಹೌದಣ್ಣ ಒಂದೇ ಅಚ್ಚಿನಲ್ಲಿ ಎರಡರ ಹಲ್ಲುಗಳನ್ನೂ ಉಜ್ಜಿ, ಒಂದೇ ಬಗೆಯ ಮೂರು ಕೀಲಿ ಮಾಡಿ ಕಾದಿದ್ದೇ ಬಂತು. ಯಜಮಾನ ಗೋದಾಮನ್ನೇ ಖಾಲಿ ಮಾಡಿ ಹೋದ. ಈಗ ಅದರಲ್ಲೊಂದನ್ನು ಪಾದ್ರಿಗಳ ಕೈಗಿಡುತ್ತ ಹೌದಣ್ಣ, "ಅಯ್ಯನವರೇ, ಇದಕ್ಕೊಂದು ಜೊತೆ ಇದೆ, ಅದೂ..." ಎಂದು ಶುರುಮಾಡಿದ.

"ಒಂದು ಸಾಕಪ್ಪಾ. ನಮ್ಮದೇನು ಗೋದಾಮಾ?" ಎಂದು ಪಾದ್ರಿಗಳು ಒಂದು ಕೀಲಿ ತೆಗೆದುಕೊಂಡು ಹೊರಟೇಬಿಟ್ಟರು.

ಬಾಗಿಲಿಗೆ ಬೀಗ ಬಿದ್ದ ಸುದ್ದಿ ಬೀದಿಯ ಕೊನೆ ಮುಟ್ಟಲು ಎಷ್ಟು ಹೊತ್ತು? ಮಧ್ಯಾಹ್ನವೇ ಹೆಡ್‌ಮಾಸ್ತರು ಬಂದರು. "ನನಗೂ ಒಂದು ಕೊಡು. ಅವರದ್ದಕ್ಕಿಂತ ಕೂದಲೆಳೆಯಷ್ಟೂ ಚಿಕ್ಕದಾಗಿರಬಾರ್ದು."

ಆ ಅಳತೆಯದು ಉಳಿದದ್ದು ಅದರ ಅವಳಿ ಮಾತ್ರ. ಹೌದಣ್ಣ ಪ್ರಾಮಾಣಿಕವಾಗಿ ಬಾಯಿ ತೆರೆದ. "ಮಾಸ್ತರೇ, ಆ ಬೀಗಕ್ಕೂ ಈ ಬೀಗಕ್ಕೂ..."

"ಆ ಬೀಗದ ಸುದ್ದಿ ನನ್ನ ಮುಂದೆ ಎತ್ತಬೇಡ!"

"ಹೌದು" ಅಂದ ಹೌದಣ್ಣ.

ಹೀಗೆ ಚರ್ಚಿನ ಬಾಗಿಲಿಗೆ ಎರಡು ಬೀಗ ಬಿದ್ದವು, ಒಂದರ ಕೆಳಗೊಂದು. ಪಾದ್ರಿಗಳ ಜೇಬಿನಲ್ಲಿದ್ದ ಕೀಲಿ ಎರಡನ್ನೂ ತೆಗೆಯುತ್ತಿತ್ತು, ಹೆಡ್‌ಮಾಸ್ತರ ಕೋಟಿನಲ್ಲಿದ್ದದ್ದೂ ಎರಡನ್ನೂ ತೆಗೆಯುತ್ತಿತ್ತು. ಆದರೆ ತಮ್ಮ ಕೀಲಿಯನ್ನು ಎದುರಾಳಿಯ ಬೀಗಕ್ಕೆ ತೂರಿಸಿ ನೋಡುವುದುಂಟೇ? ಆ ಬೀಗವನ್ನು ಮುಟ್ಟುವುದೇ ಮರ್ಯಾದೆಗೆ ಕಡಿಮೆ. ಮೂರನೆಯ ಕೀಲಿ ಹಲಗೆಯ ಬೆನ್ನಿನ ಮೊಳೆಯಲ್ಲಿ ತೂಗುತ್ತಿತ್ತು.

ಅಂದಿನಿಂದ ಪಾದ್ರಿಗಳ ಕಡೆಯವರು ಪಾದ್ರಿಗಳ ಮನೆಯ ಜಗಲಿಯಲ್ಲಿ ಸೇರಿದರು, ಹಿರಿಯರ ಕಡೆಯವರು ಹೆಡ್‌ಮಾಸ್ತರ ಮನೆಯ ಪಡಸಾಲೆಯಲ್ಲಿ. ಎರಡೂ ಕಡೆ ಒಗ್ಗಟ್ಟಿಗಾಗಿ ಕಣ್ಣೀರಿಟ್ಟು ಪ್ರಾರ್ಥನೆ ನಡೆಯುತ್ತಿತ್ತು; ಅಂದರೆ ಆ ಕಡೆಯವರಿಗೆ ದೇವರು ಬೇಗ ಬುದ್ಧಿ ಕೊಡಲಿ ಎಂದು. ಹೌದಣ್ಣ ಬೆಳಿಗ್ಗೆ ಜಗಲಿಗೆ ಹೋಗಿ, ಅಲ್ಲಿಂದ ಏದುಸಿರು ಬಿಡುತ್ತ ಪಡಸಾಲೆಗೂ ಹೋಗುತ್ತಿದ್ದ. "ತಪ್ಪು ಅವರದ್ದೇ ಅಲ್ವಾ, ನೀನೇ ಹೇಳು" ಎಂದು ಅಲ್ಲೂ ಕೇಳುತ್ತಿದ್ದರು, ಇಲ್ಲೂ ಕೇಳುತ್ತಿದ್ದರು. ಅವನು ಹೌದು ಅನ್ನುತ್ತಿದ್ದ. ಎರಡು ಪಕ್ಷದವರೂ ಅವನನ್ನು ತಮ್ಮವನೆಂದೇ ಲೆಕ್ಕ ಹಾಕಿದ್ದರು.

ತಾಯಿ ಎಲ್ಲಿಗೂ ಹೋಗಲಿಲ್ಲ. "ಜಗಲೀಲಿ ಕೂತ್ರೆ ಜಗಲಿ, ಪಡಸಾಲೇಲಿ ಕೂತ್ರೆ ಪಡಸಾಲೆ. ನನ್ನ ಬೆಂಚಿರೋದು ಅಲ್ಲಿ" ಎಂದು ಕಿಟಕಿಯಿಂದ ಚರ್ಚಿನ ಮುಚ್ಚಿದ ಬಾಗಿಲು ನೋಡುತ್ತ ಕೂರುತ್ತಿದ್ದಳು. ಒಳಗೆ ಬೀಳುತ್ತಿರುವ ದೂಳನ್ನು ನೆನೆದು ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಒಂದು ದಿನ ಅವಳ ಗೊಣಗಾಟ ತಾಳಲಾರದೆ ಹೌದಣ್ಣ ಗುಟ್ಟು ಬಿಟ್ಟುಕೊಟ್ಟ. ಅವಳು ಬಾಯಿ ಬಿಟ್ಟುಕೊಂಡು ಮಗನನ್ನು ನೋಡಿದಳು.

"ಹಂಗಾದ್ರೆ ಹೋಗಿ ತೆಗಿ!"

"ಇಬ್ರಿಗೂ ಬೇಜಾರಾಗುತ್ತಮ್ಮ."

"ಬೇಜಾರಾಗ್ಲಿ. ನೀನು ಒಂದೇ ಒಂದ್ಸಲ ಯಾರಿಗಾದ್ರೂ ಇಲ್ಲ ಅಂದಿದ್ರೆ ಆ ಬಾಗಿಲಿಗೆ ಎರಡು ಬೀಗ ಬೀಳ್ತಾನೇ ಇರ್ಲಿಲ್ಲ."

"ಹೌದು" ಅಂದ ಮಗ. ಒಲೆಯ ಹತ್ತಿರವಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು.

ಅದೇ ಸುಮಾರಿಗೆ ಬೀದಿಯ ಮುದಿ ದರ್ಜಿ ತೀರಿಕೊಂಡ. ಶವಪೆಟ್ಟಿಗೆಯನ್ನು ಚರ್ಚಿನ ಮುಂದೆ ಬೀದಿಯಲ್ಲೇ ಇಳಿಸಿದರು. ತಲೆಯ ಕಡೆ ನಿಂತು ಪಾದ್ರಿಗಳು ಪ್ರಾರ್ಥಿಸಿದರು, ಕಾಲಿನ ಕಡೆ ನಿಂತು ಹೆಡ್‌ಮಾಸ್ತರು ಪ್ರಾರ್ಥಿಸಿದರು, ಇಬ್ಬರೂ ಒಂದೇ ಹೊತ್ತಿಗೆ, ಒಬ್ಬರಿಗಿಂತ ಒಬ್ಬರು ಗಟ್ಟಿಯಾಗಿ. ಒಂದು ಸೈಕಲ್ಲು ಗಂಟೆ ಬಾರಿಸುತ್ತ ಪಕ್ಕದಲ್ಲೇ ಹಾದುಹೋಯಿತು. ತಾಯಿ ಕಿಟಕಿಯಿಂದ ಎಲ್ಲವನ್ನೂ ನೋಡಿದಳು. ಅವತ್ತು ಅವಳು ಊಟ ಮಾಡಲಿಲ್ಲ. ಸಂಜೆ ಮಗನನ್ನು ಹತ್ತಿರ ಕರೆದಳು.

"ನನ್ನನ್ನ ಬೀದೀಲಿ ಇಡಬೇಡ. ಒಳಗೆ ತಗೊಂಡ್ಹೋಗು. ನನ್ನ ಬೆಂಚಿನ ಹತ್ರ ಒಂದು ಗಳಿಗೆ ಇಡು, ಸಾಕು."

"ಹೌದಮ್ಮ."

"ಆ ಹೌದು ಬೇಡ. ಅದು ನೀನು ಎಲ್ಲರಿಗೂ ಕೊಡೋದು. ನಂಗೆ ಬೇರೆ ಹೇಳು."

ಬೇರೆ ಮಾತು ಹುಡುಕಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. "ತಗೊಂಡ್ಹೋಗ್ತೀನಿ" ಅಂದ.

ಚಳಿ ಶುರುವಾಗುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಸೊಸೆ ಬಿಸಿನೀರು ತಂದು ನೋಡಿದರೆ ಹೋಗಿಬಿಟ್ಟಿದ್ದಳು. ದಿನವೂ ಅವಳೊಡನೆ ಕಾದಾಡುತ್ತಿದ್ದ ಸೊಸೆ ನೆಲಕ್ಕೆ ಕುಸಿದು ಎದೆ ಬಿರಿಯುವಂತೆ ಅತ್ತಳು. ಹೌದಣ್ಣ ಅಳಲಿಲ್ಲ. ಅಂಗಿ ತೊಟ್ಟುಕೊಂಡು ನೇರ ಪಾದ್ರಿಗಳ ಮನೆಗೆ ಹೋದ.

"ಅಯ್ಯೋ ಪಾಪ, ಎಂಥ ತಾಯಿ!" ಎಂದು ಪಾದ್ರಿಗಳು ಅವನ ಕೈ ಹಿಡಿದುಕೊಂಡರು. "ನಾನು ಧಾರಾಳವಾಗಿ ತೆಗೀತೀನಪ್ಪ. ಮೊದ್ಲು ಅವರು ತಮ್ಮ ಬೀಗ ತೆಗೀಲಿ."

ಅಲ್ಲಿಂದ ಹೆಡ್‌ಮಾಸ್ತರ ಮನೆ. ಅವರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಾಟಕವೇನಲ್ಲ. "ನಿಮ್ಮಮ್ಮನಿಗೆ ಇಲ್ಲ ಅಂತೀನಾ? ಆದ್ರೆ ಮೊದ್ಲು ಬೀಗ ಹಾಕಿದ್ದು ಅವರು. ಮೊದ್ಲು ಅವರು ತೆಗೀಲಿ."

ಹೌದಣ್ಣ ಇಬ್ಬರಿಗೂ ಹೌದು ಅಂದು ಬಂದ. ಅಂಗಡಿಯ ಬಾಗಿಲು ತೆರೆದು ಹಲಗೆಯ ಬೆನ್ನಿನಿಂದ ಮೂರನೆಯ ಕೀಲಿಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಬಳಸುವ ಧೈರ್ಯ ಬರುತ್ತದೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಇಡೀ ಸಭೆ ಪೆಟ್ಟಿಗೆಯ ಹಿಂದೆ ಬಂತು, ಬಲದವರು ಬಲಕ್ಕೆ, ಎಡದವರು ಎಡಕ್ಕೆ. ಚರ್ಚಿನ ಮೆಟ್ಟಿಲ ಮೇಲೆ ಒಂದು ಬದಿಗೆ ಪಾದ್ರಿಗಳು, ಇನ್ನೊಂದು ಬದಿಗೆ ಹೆಡ್‌ಮಾಸ್ತರು. ಇಬ್ಬರ ಕೈಯಲ್ಲೂ ಕೀಲಿ ಇತ್ತು. ಪಾದ್ರಿಗಳು ಹೆಡ್‌ಮಾಸ್ತರನ್ನು ನೋಡಿದರು, ಹೆಡ್‌ಮಾಸ್ತರು ಬಾಗಿಲ ಚೌಕಟ್ಟನ್ನು ನೋಡಿದರು. ಮೊದಲು ಕೈ ಚಾಚಿದವರು ಸೋತ ಹಾಗೆ. ಜನರೂ ಉಸಿರು ಬಿಗಿಹಿಡಿದು ತಮ್ಮವರು ಸೋಲದಿರಲಿ ಎಂದು ಕಾದರು. ಬಿಸಿಲು ನೆತ್ತಿಗೇರಿತ್ತು.

"ಕೈ ಸೋತು ಹೋಗ್ತಿದೆ. ಇಳಿಸೋದಾ?" ಎಂದು ಪೆಟ್ಟಿಗೆ ಹೊತ್ತವರಲ್ಲಿ ಒಬ್ಬ ಕೇಳಿದ.

"ಇಳಿಸಿ, ಇಳಿಸಿ. ಇಲ್ಲೇ ಒಂದು ಪ್ರಾರ್ಥನೆ ಮಾಡಿ ಮುಗಿಸೋಣ" ಎಂದು ಯಾರೋ ಅಂದರು. "ಏನಪ್ಪಾ, ಆಗಬಹುದಲ್ಲ?"

ಎಲ್ಲರೂ ಹೌದಣ್ಣನ ಕಡೆ ತಿರುಗಿದರು. ಅವನ ಬಾಯಿಂದ ಬರುವುದೇನೆಂದು ಎಲ್ಲರಿಗೂ ಗೊತ್ತೇ ಇತ್ತು. ಹೊತ್ತವರು ಆಗಲೇ ಮಂಡಿ ಬಗ್ಗಿಸಿದ್ದರು. ಅವನು ಮಾತ್ರ ಮೆಟ್ಟಿಲು ಹತ್ತಿದ, ಇಬ್ಬರು ದೊಡ್ಡವರ ನಡುವೆ ನುಸುಳಿದ, ಜೇಬಿನಿಂದ ಕೀಲಿ ತೆಗೆದ. ಮೇಲಿನ ಬೀಗಕ್ಕೆ ಹಾಕಿ ತಿರುಗಿಸಿದ. ಅದೇ ಕೀಲಿಯನ್ನು ಕೆಳಗಿನ ಬೀಗಕ್ಕೆ ಹಾಕಿ ತಿರುಗಿಸಿದ. ಬಾಗಿಲನ್ನು ಭುಜದಿಂದ ನೂಕಿ, "ಒಳಗೆ ತನ್ನಿ" ಅಂದ.

ಒಳಗೆ ಬೆಂಚುಗಳ ಮೇಲೆ ಬೆರಳಲ್ಲಿ ಬರೆಯುವಷ್ಟು ದೂಳು ಕೂತಿತ್ತು. ಮೂರನೆಯ ಬೆಂಚಿನ ಪಕ್ಕ ಪೆಟ್ಟಿಗೆ ಇಳಿಸಿದರು. ಅವಳು ಬದುಕಿದ್ದರೆ ಆ ದೂಳು ನೋಡಿ ಎಲ್ಲರ ಜನ್ಮ ಜಾಲಾಡುತ್ತಿದ್ದಳು. ಹೌದಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು ಅವಳ ಬೆಂಚನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿದ. ಒರೆಸುತ್ತಲೇ ಅವನಿಗೆ ಅಳು ಬಂತು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅವನನ್ನು ನೋಡಿ ಜನರೂ ಅತ್ತರು. ಎಡ ಬಲ ನೋಡದೆ ಸಿಕ್ಕ ಸಿಕ್ಕ ಕಡೆ ನಿಂತರು. ಪಾದ್ರಿಗಳು ಪ್ರಾರ್ಥಿಸಿದರು, ಹೆಡ್‌ಮಾಸ್ತರು ವೇದಪಾಠ ಓದಿದರು, ಒಬ್ಬರು ಮುಗಿಸಿದ ಮೇಲೆ ಒಬ್ಬರು. ಕೀರ್ತನೆ ಶುರುವಾದಾಗ ಅಭ್ಯಾಸಬಲದಿಂದ ಬಲದವರು ಓಡಿದರು, ಎಡದವರು ಎಳೆದರು. ಆದರೆ ಅಳುವಿನ ನಡುವೆ ಓಡುವವರು ನಿಧಾನವಾದರು, ಎಳೆಯುವವರಿಗೆ ಎಳೆಯಲು ಉಸಿರು ಸಾಲಲಿಲ್ಲ. ಕೊನೆಯ ಚರಣ ಎಲ್ಲರದ್ದೂ ಒಟ್ಟಿಗೆ ಮುಗಿಯಿತು.

ಸ್ಮಶಾನದಿಂದ ಮರಳಿ ಬರುವಾಗ ಪಾದ್ರಿಗಳು ಇದ್ದಕ್ಕಿದ್ದಂತೆ ದಾರಿಯಲ್ಲಿ ನಿಂತರು. ಇನ್ನೊಂದು ಬದಿಯಲ್ಲಿ ಹೆಡ್‌ಮಾಸ್ತರೂ ನಿಂತರು.

"ಒಂದೇ ಕೀಲಿ!" ಎಂದರು ಪಾದ್ರಿಗಳು.

"ಎರಡಕ್ಕೂ!" ಎಂದರು ಹೆಡ್‌ಮಾಸ್ತರು.

ಮರುವಾರ ಸಭೆ ಕರೆದರು, ಚರ್ಚಿನ ಒಳಗೇ. ಯಾವಾಗ ಬೇಕಾದರೂ ಒಳಗೆ ಹೋಗಬಹುದಿತ್ತಲ್ಲ ಎಂದು ಪಾದ್ರಿಗಳು ಕೈಕೈ ಹಿಸುಕಿಕೊಂಡರು. ಯಾವಾಗ ಬೇಕಾದರೂ ಅವರು ಒಳಗೆ ಬರಬಹುದಿತ್ತಲ್ಲ ಎಂದು ಹೆಡ್‌ಮಾಸ್ತರು ಬೆವರಿದರು. ತಮ್ಮ ಕೀಲಿಯನ್ನು ಎದುರಿನ ಬೀಗಕ್ಕೆ ಹಾಕಿ ನೋಡುವ ಬುದ್ಧಿ ತಮಗೇಕೆ ಬರಲಿಲ್ಲ ಎಂದು ಮಾತ್ರ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಬದಲಿಗೆ ಇಬ್ಬರೂ ಒಟ್ಟಿಗೆ ಹೌದಣ್ಣನ ಕಡೆ ತಿರುಗಿದರು.

"ಇದು ನಂಬಿಕೆದ್ರೋಹ" ಎಂದರು ಪಾದ್ರಿಗಳು.

"ಸರಿಯಾಗಿ ಹೇಳಿದ್ರಿ" ಎಂದರು ಹೆಡ್‌ಮಾಸ್ತರು.

ಪಾದ್ರಿಗಳ ಮಾತಿಗೆ ಅವರು ಒಪ್ಪಿದ್ದು ಅದೇ ಮೊದಲು. ಜನ ಬೆರಗಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಂದಾಚೆಗೆ ಎಲ್ಲವೂ ನೀರು ಹರಿದ ಹಾಗೆ ನಡೆಯಿತು. ಹಲಗೆಯ ಬಗ್ಗೆ, ಗೋಡೆಯ ಬಗ್ಗೆ, ಬಾಗಿಲಿನ ಬಗ್ಗೆ ಒಮ್ಮತಕ್ಕೆ ಬಾರದ ಸಭೆ ಹೌದಣ್ಣನ ಬಗ್ಗೆ ಒಂದೇ ಏಟಿಗೆ ಒಮ್ಮತಕ್ಕೆ ಬಂತು. ಒಂದು ವರ್ಷ ಅವನು ಚರ್ಚಿನಿಂದ ಹೊರಗೆ; ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸವಿಲ್ಲ, ಬೆಂಚಿನಲ್ಲಿ ಜಾಗವಿಲ್ಲ. "ಒಪ್ಪುವವರು ಕೈ ಎತ್ತಿ" ಅಂದಾಗ ಎಡಗಡೆ ಬಲಗಡೆ ಎಲ್ಲ ಕೈಗಳೂ ಮೇಲೆದ್ದವು. ಹಿಂದಿನ ಸಾಲಿನಲ್ಲಿ ಹೌದಣ್ಣನ ಕೈಯೂ ಎದ್ದಿತ್ತು. ಹೆಂಡತಿ ಅದನ್ನು ಹಿಡಿದು ಕೆಳಗೆಳೆದಳು.

"ಇಂಥ ಒಗ್ಗಟ್ಟು ನಮ್ಮ ಸಭೇಲಿ ನಾನು ಕಂಡೇ ಇರ್ಲಿಲ್ಲ" ಎಂದು ಹೆಡ್‌ಮಾಸ್ತರು ಕನ್ನಡಕ ಒರೆಸಿಕೊಂಡರು. ಪಾದ್ರಿಗಳು ದೇವರಿಗೆ ಸ್ತೋತ್ರ ಹೇಳಿದರು.

ಆಮೇಲೆ ಬೀಗದ ಮಾತು ಬಂತು. ಎರಡು ಬೀಗ ಬೇಡ, ಒಂದೇ ಇರಲಿ, ಮಿಕ್ಕ ಕೀಲಿಗಳನ್ನು ಮುರಿದುಹಾಕಿ ಒಂದೇ ಕೀಲಿ ಉಳಿಸೋಣ ಎನ್ನುವುದಕ್ಕೂ ಎಲ್ಲರೂ ಒಪ್ಪಿದರು. ಕೀಲಿ ಯಾರ ಹತ್ತಿರ? ಪಾದ್ರಿಗಳ ಹತ್ತಿರ ಬೇಡವೆಂದು ಎಡದವರು, ಹಿರಿಯರ ಹತ್ತಿರ ಬೇಡವೆಂದು ಬಲದವರು. ಯಾವ ಪಕ್ಷಕ್ಕೂ ಸೇರದವರ ಕೈಯಲ್ಲಿರಲಿ ಎಂದು ತೀರ್ಮಾನವಾಯಿತು. ಅಂಥವರನ್ನು ಹುಡುಕಿದರೆ ಸಭೆಯಲ್ಲಿ ಒಬ್ಬರೂ ಸಿಗಲಿಲ್ಲ. ಸಭೆಯ ಹೊರಗಿದ್ದವನು ಒಬ್ಬನೇ, ಅವನನ್ನು ಈಗಷ್ಟೇ ಹೊರಗೆ ಹಾಕಿದ್ದರು.

"ಭಾನುವಾರ ಬಾಗಿಲು ತೆಗೆದು ನೀನು ಮೆಟ್ಟಿಲ ಹತ್ರ ಇದ್ದುಬಿಡು. ಆರಾಧನೆ ಮುಗಿದ ಮೇಲೆ ಹಾಕ್ಕೊಂಡು ಹೋಗು" ಎಂದರು ಪಾದ್ರಿಗಳು. "ಆಗಬಹುದಾ?"

"ಹೌದು" ಅಂದ ಹೌದಣ್ಣ.

"ಥೂ!" ಅಂದಳು ಹೆಂಡತಿ, ಸ್ವಲ್ಪ ಗಟ್ಟಿಯಾಗಿಯೇ.

ಆ ವರ್ಷವೆಲ್ಲ ಹೌದಣ್ಣ ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆರೆಯುತ್ತಿದ್ದ. ಯಾರೂ ಬಾರದ ಆ ಹೊತ್ತಿನಲ್ಲಿ ಒಳಗೆ ಹೋಗಿ ಬೆಂಚುಗಳನ್ನೆಲ್ಲ ಒರೆಸುತ್ತಿದ್ದ, ತಾಯಿಯ ಬೆಂಚನ್ನು ಕೊನೆಗೆ. ಅದರ ಮೇಲೆ ಕೂರುತ್ತಿರಲಿಲ್ಲ, ಕೂರಬಾರದೆಂದು ಹೇಳಿದ್ದರಲ್ಲ. ಮೊದಲ ಹೆಜ್ಜೆ ಸದ್ದು ಕೇಳಿದ ಕೂಡಲೇ ಹೊರಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ. ಜನ ಅವನನ್ನು ದಾಟಿ ಒಳಗೆ ಹೋಗುತ್ತಿದ್ದರು. ಹೆಂಡತಿ ಒಳಗೆ ಹೋಗಲು ಒಪ್ಪದೆ ಅವನ ಪಕ್ಕದಲ್ಲೇ ಕೂತು, ಒಳಗಿನವರಿಗೆ ಕೇಳುವಂತೆ ನಿಟ್ಟುಸಿರು ಬಿಡುತ್ತಿದ್ದಳು. ಒಳಗಿನಿಂದ ಕೀರ್ತನೆ ಕೇಳಿಬರುತ್ತಿತ್ತು. ಮೊದಮೊದಲು ಒಟ್ಟಿಗೇ ಮುಗಿಯುತ್ತಿದ್ದದ್ದು ಬರಬರುತ್ತ ಮತ್ತೆ ಎರಡಾಗುತ್ತಿತ್ತು. ಹೌದಣ್ಣನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆದರೆ ಮೂರನೆಯ ಬೆಂಚಿನಲ್ಲಿ ಈಗ ಯಾರು ಕೂತಿರಬಹುದು ಎಂದು ಆಗಾಗ ಕತ್ತು ಹೊರಳಿಸಿ ಬಾಗಿಲಿನತ್ತ ನೋಡುತ್ತಿದ್ದ. ಒಗ್ಗಟ್ಟಿನ ಹಲಗೆ ಅಂಗಡಿಯಲ್ಲೇ ಇತ್ತು. ಅದರ ಮಾತೆತ್ತಿದರೆ ಎಲ್ಲಿ ಒಗ್ಗಟ್ಟು ಮುರಿಯುತ್ತದೋ ಎಂದು ಯಾರೂ ಅದನ್ನು ಕೇಳಿಕೊಂಡು ಬರಲಿಲ್ಲ.

ವರ್ಷ ತುಂಬಿದ ಶನಿವಾರ ಪಾದ್ರಿಗಳೂ ಹೆಡ್‌ಮಾಸ್ತರೂ ಒಟ್ಟಿಗೆ ಅಂಗಡಿಗೆ ಬಂದರು. ಜಾಗ ಸಾಲದೆ ಹೆಡ್‌ಮಾಸ್ತರು ಅರ್ಧ ಹೊರಗೆ ನಿಂತರು. ಕ್ಷಮಿಸಿದೆವು, ನಾಳೆಯಿಂದ ಒಳಗೆ ಬಾ ಎಂದು ಹೇಳಲು ಬಂದಿದ್ದಾರೆಂದು ಹೌದಣ್ಣ ಅರ ಕೆಳಗಿಟ್ಟು ಎದ್ದು ನಿಂತ.

"ನಿನ್ನ ಅವಧಿ ಇವತ್ತಿಗೆ ಮುಗೀತು. ಅದಕ್ಕೆ ನಮ್ಮ ಅಭ್ಯಂತರ ಏನಿಲ್ಲ" ಎಂದು ಪಾದ್ರಿಗಳು ಕೆಮ್ಮಿದರು. "ಆದ್ರೆ ನೀನು ಒಳಗೆ ಬಂದ್ರೆ ಎಲ್ಲಾದ್ರೂ ಒಂದು ಕಡೆ ಕೂರ್ಬೇಕಲ್ಲ."

"ಎಡಕ್ಕೋ ಬಲಕ್ಕೋ" ಎಂದರು ಹೆಡ್‌ಮಾಸ್ತರು ಹೊರಗಿನಿಂದ. "ಕೂತ್ರೆ ಕೀಲಿ ಒಂದು ಪಕ್ಷದ ಪಾಲಾಯ್ತು. ಅದಕ್ಕೇ ಎಲ್ಲರೂ ಸೇರಿ ಯೋಚನೆ ಮಾಡಿದ್ವಿ. ಇನ್ನೊಂದು ವರ್ಷ ಹೀಗೇ ಮೆಟ್ಟಿಲ ಮೇಲೆ ಇದ್ದುಬಿಡು. ಶಿಕ್ಷೆ ಅಂತ ತಿಳ್ಕೋಬೇಡ. ಸಭೆಯ ಐಕ್ಯತೆಗೋಸ್ಕರ."

"ಏನಂತೀಯ?" ಎಂದರು ಪಾದ್ರಿಗಳು. ಉತ್ತರ ಗೊತ್ತಿದ್ದ ಅವರು ಹೊರಡಲು ಒಂದು ಕಾಲು ಎತ್ತಿದ್ದರು.

ಹೌದಣ್ಣ ಇಬ್ಬರ ಮುಖವನ್ನೂ ನೋಡಿದ. ತುಟಿ ಅಭ್ಯಾಸದಂತೆ ಅಲ್ಲಾಡಿತು. ಆದರೆ ಬಂದದ್ದು ಬೇರೆ.

"ಇಲ್ಲ" ಅಂದ.

"ಏನು?"

"ಇಲ್ಲ. ಆಗಲ್ಲ. ನಾಳೆ ನಾನು ಒಳಗೆ ಬರ್ತೀನಿ. ನಮ್ಮಮ್ಮನ ಜಾಗದಲ್ಲಿ ಕೂರ್ತೀನಿ."

"ಹಂಗಾದ್ರೆ ಕೀಲಿ?" ಎಂದು ಇಬ್ಬರೂ ಒಂದೇ ಬಾಯಲ್ಲಿ ಕೇಳಿದರು. ಅವನು ಅರ ಎತ್ತಿಕೊಂಡು ಕೆಲಸ ಮುಂದುವರಿಸಿದ. ಅಂಗಡಿಯ ಹಿಂದೆಯೇ ಇದ್ದ ಮನೆಯಲ್ಲಿ ಹೆಂಡತಿ ಕೈಯಲ್ಲಿದ್ದ ಲೋಟ ಬೀಳಿಸಿದ ಸದ್ದು ಕೇಳಿಸಿತು.

ಭಾನುವಾರ ಹೌದಣ್ಣ ಎಂದಿನಂತೆ ಮುಂಚೆ ಹೋಗಿ ಬಾಗಿಲು ತೆರೆದ, ಬೆಂಚುಗಳನ್ನು ಒರೆಸಿದ. ಆಮೇಲೆ ಬೀಗವನ್ನು ಕೊಂಡಿಯಿಂದ ಕಳಚಿ, ಕೀಲಿಯ ಸಮೇತ ಟವೆಲ್ಲಿನಲ್ಲಿ ಸುತ್ತಿ, ತಾಯಿಯ ಬೆಂಚಿನಲ್ಲಿ ಹೆಂಡತಿಯ ಪಕ್ಕ ಕೂತು, ಗಂಟನ್ನು ತೊಡೆಯ ಮೇಲಿಟ್ಟುಕೊಂಡ. ಜನ ಬಂದರು, ನೋಡಿದರು, ತಮ್ಮ ತಮ್ಮ ಜಾಗದಲ್ಲಿ ಕೂತರು. ಅವಧಿ ಮುಗಿದವನನ್ನು ಏನನ್ನುವುದು? ಆರಾಧನೆ ನಡೆಯಿತು, ಪ್ರಸಂಗ ಮುಗಿಯಿತು, ಆಶೀರ್ವಾದವೂ ಆಯಿತು.

ಆಗ ಎಲ್ಲರ ಕಣ್ಣೂ ಬಾಗಿಲಿನ ಬರಿದಾದ ಕೊಂಡಿಯ ಮೇಲೆ ಬಿತ್ತು. ಎಡದವರು ಮೊದಲು ಎದ್ದು ಹೋದರೆ ಚರ್ಚು ಬಲದವರ ಕೈಯಲ್ಲಿ ಉಳಿಯುತ್ತದೆ. ಬಲದವರು ಹೋದರೆ ಎಡದವರ ಕೈಯಲ್ಲಿ. ಹೊಸ ಬೀಗ ತರೋಣವೆಂದರೆ ಅದಕ್ಕೂ ಯಾರಾದರೂ ಎದ್ದು ಹೋಗಬೇಕು. ಎದ್ದಿದ್ದ ಹೆಡ್‌ಮಾಸ್ತರು ಕೂತರು. ಅವರು ಕೂತದ್ದನ್ನು ನೋಡಿ ಬಾಗಿಲ ಹತ್ತಿರ ಹೋಗಿದ್ದ ಪಾದ್ರಿಗಳು ಮರಳಿ ಬಂದು ಪೀಠದ ಪಕ್ಕ ನಿಂತರು. ಇನ್ನೇನು ಮಾಡುವುದೆಂದು ತೋಚದೆ ಒಂದು ಕೀರ್ತನೆ ಹೇಳಿದರು, ಆಮೇಲೆ ಇನ್ನೊಂದು. ಮಧ್ಯಾಹ್ನವಾಯಿತು. ಮಕ್ಕಳು ಹಸಿವೆಂದು ರಂಪ ಮಾಡತೊಡಗಿದವು. ಕೊನೆಗೆ ಹೆಂಗಸರು ತಮ್ಮ ಗಂಡಸರಿಗೆ ಕಾವಲು ಕೂರಲು ಹೇಳಿ ಮನೆಗಳಿಗೆ ಹೋಗಿ, ಬ್ರೆಡ್ಡು, ಹಣ್ಣು, ಚಹಾದ ಪಾತ್ರೆ ಹೊತ್ತು ತಂದರು. ಎಡದವರಲ್ಲಿ ಲೋಟ ಸಾಲಲಿಲ್ಲ, ಬಲದವರಲ್ಲಿ ಸಕ್ಕರೆ ಇರಲಿಲ್ಲ. ಕೇಳದೆ ವಿಧಿಯಿರಲಿಲ್ಲ. ಹೆಡ್‌ಮಾಸ್ತರು ಪಾದ್ರಿಗಳ ಕಡೆ ಒಂದು ಬಾಳೆಹಣ್ಣು ಚಾಚಿದ್ದನ್ನು ಹಲವರು ಕಣ್ಣಾರೆ ಕಂಡರು. ಬೆಂಚುಗಳ ಮೇಲೆಲ್ಲ ಬ್ರೆಡ್ಡಿನ ಪುಡಿ ಬಿತ್ತು.

ಸಂಜೆಯ ಬೆಳಕು ಕಿಟಕಿಯಿಂದ ಓರೆಯಾಗಿ ಒಳಗೆ ಬಂದಾಗಲೂ ಒಬ್ಬರೂ ಮನೆಗೆ ಹೋಗಿರಲಿಲ್ಲ. ಹೌದಣ್ಣ ಕಂಬಕ್ಕೆ ತಲೆಯಾನಿಸಿ, ಬೆಂಚಿನ ಸವೆದ ಅಂಚಿನ ಮೇಲೆ ಅಂಗೈ ಇಟ್ಟು ಕೂತಿದ್ದ. ಅಮ್ಮ ಈ ಬ್ರೆಡ್ಡಿನ ಪುಡಿ ನೋಡಿದ್ದರೆ ಏನನ್ನುತ್ತಿದ್ದಳೋ ಎಂದುಕೊಂಡು ಅವನಿಗೆ ನಗುವೂ ಬಂತು, ಕಣ್ಣೂ ತುಂಬಿತು.

"ಸಾಕು, ಮನೆಗೆ ಹೋಗೋಣ್ವಾ?" ಎಂದು ಹೆಂಡತಿ ಪಿಸುಗುಟ್ಟಿದಳು.

"ಇಲ್ಲ" ಅಂದ ಅವನು.